ಪ್ರಕಾಶ ಮತ್ತೆ ಬಂದ, ರಾಜೀವ ಬರಲಿಲ್ಲ

ಮೊನ್ನೆ ಕಲಬುರಗಿ ಸುಪರ್ ಮಾರ್ಕೆಟ್ ಹತ್ತಿರ ಸುಸಲಾ-ಮಿರ್ಚಿ ತಿನ್ನುವಾಗ ಗೆಳೆಯ ಕೇಳಿದ: "ಲೇ, ಅಣ್ಣಾವ್ರು ಸಿಐಡಿ 999 ಆಗಿ ನಾಕು ಸಲ ಬಂದ್ರು. ಬಂಗಾರದ ಮನುಷ್ಯನ ರಾಜೀವ ಆಗಿ ಮತ್ತ ಯಾಕ ಬರ್ಲಿಲ್ಲ? ಅಷ್ಟು ಓಡಿದ ಪಿಚ್ಚರ್ ಅದು!" ಮಿರ್ಚಿ ಆರಿತು, ಮಾತು ಆರಲಿಲ್ಲ.

ನನ್ನ ಲೆಕ್ಕ ಇಷ್ಟು. ಸಿಐಡಿ ಪ್ರಕಾಶ ನೌಕರಿಯವ. ಒಂದು ಕೇಸು ಮುಗಿದರೆ ಇನ್ನೊಂದು. 1968ರಲ್ಲಿ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಆಮೇಲೆ ಒಂಬತ್ತು ವರ್ಷ ಪತ್ತೆಯಿಲ್ಲ, 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಡುವೆ ಎಲ್ಲಿದ್ದ, ಲಗ್ನ ಆಯ್ತೋ ಇಲ್ಲೋ ಅಂತ ಥಿಯೇಟರಿನಲ್ಲಿ ಯಾರೂ ಕೇಳಲಿಲ್ಲ. ರಾಜೀವನದು ಹಾಗಲ್ಲ. ಅಕ್ಕನ ಮನೆ ನಿಲ್ಲಿಸಿದ, ಬರಡು ನೆಲ ಹಸನು ಮಾಡಿದ, ತಾನೇ ಬೆಳೆಸಿದವರ ಬಾಯಿಂದ ಮಾತು ಕೇಳಿಸಿಕೊಂಡು ಎದ್ದು ಹೋದ. ಆ ಹೋಗುವುದೇ ಕತೆ. ಅವನು ಬಸ್ಸಿಳಿದು ವಾಪಸ್ ಬಂದರೆ 1972ರಿಂದ ನಾವು ಅತ್ತದ್ದೆಲ್ಲ ದಂಡ.

ವಿಷ್ಣುವರ್ಧನ್ ಅವರನ್ನೇ ನೋಡಿ. 'ಆಪ್ತಮಿತ್ರ'ದ ಡಾಕ್ಟರ್ ವಿಜಯ್ 2010ರ 'ಆಪ್ತರಕ್ಷಕ'ದಲ್ಲಿ ಮತ್ತೆ ಬಂದ. ಡಾಕ್ಟರಿಗೆ ಪೇಷಂಟುಗಳಿಗೇನು ಬರವೇ? (ಆ ಚಿತ್ರ ತೆರೆಗೆ ಬರುವ ಹೊತ್ತಿಗೆ ಅವರೇ ಇರಲಿಲ್ಲ, ಅದು ಬೇರೆ ಸಂಕಟ.) ಆದರೆ 'ನಾಗರಹಾವು'ದಲ್ಲಿ ಬೆಟ್ಟದಿಂದ ಹಾರಿದ ರಾಮಾಚಾರಿಯನ್ನು ಯಾವ ಬಾಯಿಂದ ವಾಪಸ್ ಕರೆಯುತ್ತೀರಿ?

ಗೆಳೆಯ ಬಿಡಲಿಲ್ಲ. "ಭೈರತಿ ರಣಗಲ್ ಬರ್ಲಿಲ್ಲೇನು?" ಬಂದ, ಖರೇ. ಆದರೆ ಮುಂದಕ್ಕಲ್ಲ, ಹಿಂದಕ್ಕೆ. 2017ರ 'ಮಫ್ತಿ'ಯಲ್ಲಿ ಶಿವಣ್ಣ ಬರೀ ಕಣ್ಣಲ್ಲೇ ಹೆದರಿಸಿದ್ದರು. 2024ರ 'ಭೈರತಿ ರಣಗಲ್' ಚಿತ್ರದಲ್ಲಿ ಆ ಮನುಷ್ಯ ವಕೀಲನಾಗಿದ್ದ, ಹೀಗೆ ಡಾನ್ ಆದ ಅಂತ ಬಿಡಿಸಿ ಹೇಳಿದರು. ನಾನು ಸಿಳ್ಳೆ ಹೊಡೆದೇ ನೋಡಿದೆ. ಆದರೂ ಗೊತ್ತಿಲ್ಲದ ರಣಗಲ್ಲನೇ ನನಗೆ ದೊಡ್ಡವ.

ರೊಕ್ಕದ ಮಾತೂ ಬಿಡುವಂಥದ್ದಲ್ಲ. 1967ರ ಚಿತ್ರದ ನಂತರ ಬಾಂಡ್ ಪಾತ್ರ ಬಿಟ್ಟ ಶಾನ್ ಕಾನರಿ 1971ರಲ್ಲಿ 12.5 ಲಕ್ಷ ಡಾಲರ್‌ಗೆ ವಾಪಸ್ ಬಂದರು, ಆ ದುಡ್ಡನ್ನು ಸ್ಕಾಟ್ಲೆಂಡಿನ ಶಿಕ್ಷಣ ಟ್ರಸ್ಟಿಗೆ ಕೊಟ್ಟರು. ಇನ್ನು ಬಾಂಡ್ ಆಗುವುದೇ ಇಲ್ಲ ಅಂದವರು 1983ರಲ್ಲಿ ಮತ್ತೆ ಹಾಜರು. ಹಾಗೆ ಅಂದಿದ್ದಕ್ಕೆ ಹೆಂಡತಿ ಮಾಡಿದ ಚೇಷ್ಟೆಯೇ ಆ ಚಿತ್ರದ ಹೆಸರಾಯ್ತು: 'ನೆವರ್ ಸೇ ನೆವರ್ ಅಗೇನ್', ಅಂದರೆ ಇನ್ನೆಂದೂ ಇಲ್ಲ ಅಂತ ಮತ್ತೆ ಅನ್ನಬೇಡ.

ಇಷ್ಟೆಲ್ಲ ವಾದ ಮಾಡಿ ಗೆದ್ದೆ ಅಂದುಕೊಳ್ಳುವಾಗ ಸುರಪುರ ಕಡೆಯ ನಮ್ಮ ಮಾಮಾ ನೆನಪಾದರು. ದೊಡ್ಡಾಟದಲ್ಲಿ, ಅಂದರೆ ನಮ್ಮ ಕಡೆ ಇಡೀ ರಾತ್ರಿ ಆಡುವ ಬಯಲಾಟದಲ್ಲಿ, ಅವರದು ದುರ್ಯೋಧನ. ಭುಜಕೀರ್ತಿ ಕಟ್ಟಿಕೊಂಡು ರಂಗಕ್ಕೆ ಬಂದರೆ ಆಟ ನಡೆಸಿಕೊಡುವ ಸಾರಥಿ ಎದುರು ನಿಂತು, ತಾವು ಯಾರು ಅಂತ ಕೇಳುತ್ತಾನೆ. ಇಡೀ ಊರಿಗೆ ಗೊತ್ತಿದ್ದರೂ ಮಾಮಾ ಹೆಸರು ಹೇಳಲೇಬೇಕು. ಬೆಳಗಿನ ಜಾವ ಭೀಮ ತೊಡೆ ಮುರಿಯುತ್ತಾನೆ. ಹೊತ್ತೇರುವಷ್ಟರಲ್ಲಿ ದುರ್ಯೋಧನ, ಮುಖದ ಬಣ್ಣ ಅರೆಬರೆ ಹೋಗಿರುವಾಗಲೇ, ತೊಗರಿ ಹೊಲದಲ್ಲಿ. ಮುಂದಿನ ವರ್ಷ ಮತ್ತೆ ಅದೇ ಕಿರೀಟ. ಅಲ್ಲಿ ಸತ್ತವನು ವಾಪಸ್ ಬಂದರೆ ಯಾರಿಗೂ ಮೋಸ ಅನ್ನಿಸುವುದಿಲ್ಲ, ಪಾತ್ರ ಮಾಮಾಂದಲ್ಲ, ಊರಿನದು. ಸಿನಿಮಾದಲ್ಲಿ ರಾಜೀವನಿಗೆ ಒಂದೇ ಮುಖ, ಅದೂ ಅಣ್ಣಾವ್ರದು.

ಒಮ್ಮೆ ಕೇಳಿದ್ದೆ, "ಮಾಮಾ, ಒಂದು ವರ್ಷ ಕರ್ಣನ ಪಾತ್ರ ಯಾಕ ಮಾಡಬಾರ್ದು?"

"ಕರ್ಣ ಆದ್ರ ಕುಂತು ಅಳಬೇಕಪ್ಪ. ದುರ್ಯೋಧನಂದು ಬರೀ ಒದರೂದು ಅದ. ನನ್ನ ದನಿಗಿ ಅದೇ ಬರೋಬ್ಬರಿ."

ಗೆಳೆಯನಿಗೆ ಇದನ್ನೂ ಹೇಳಿದೆ. ಒಪ್ಪಲಿಲ್ಲ. ರಾಜೀವ ಬಂದಿದ್ದರೆ ತಾನು ಮೊದಲನೇ ದಿನವೇ ಹೋಗುತ್ತಿದ್ದೆ ಅಂದ. ಛಾದ ರೊಕ್ಕ ನಾನೇ ಕೊಟ್ಟೆ.