ರೋಬೋಟ್ ಸರಿ, ಒಳಗಿನ ಪ್ಲಾಸ್ಟಿಕ್ ಯಾವುದು?

ಮಂಡಿಕೀಲು ಬದಲಿಸುವ ಶಸ್ತ್ರಚಿಕಿತ್ಸೆಯ ಜಾಹೀರಾತು ಎಲ್ಲಿ ನೋಡಿದರೂ ಈಗ ರೋಬೋಟಿನ ತೋಳಿನದೇ ಚಿತ್ರ. ಆ ಕೀಲು ಹತ್ತಿಪ್ಪತ್ತು ವರ್ಷ ಬಾಳುತ್ತದೋ ಇಲ್ಲವೋ ಎಂಬುದು ಬಹುಪಾಲು ನಿಂತಿರುವುದು ಎರಡು ಲೋಹದ ಭಾಗಗಳ ನಡುವೆ ಕೂತ, ಸುಮಾರು ಒಂದು ಸೆಂಟಿಮೀಟರ್ ದಪ್ಪದ ಪ್ಲಾಸ್ಟಿಕ್ ತುಂಡಿನ ಮೇಲೆ. ಅದರ ಬಗ್ಗೆ ಯಾರೂ ಕೇಳುವುದೇ ಇಲ್ಲ. ಮೂಳೆ-ಕೀಲು ಸಾಧನಗಳ ಮಾರುಕಟ್ಟೆಯ ಮೇಲೆ ನನ್ನ ದೊಡ್ಡ ತಕರಾರು ಇದೇ.

ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಸೊಂಟದ ಕೀಲಿಗೆ ಮೊದಲು ಬಳಸಿದ್ದು ಟೆಫ್ಲಾನ್ ಬಟ್ಟಲು. ಜಾರುವುದರಲ್ಲಿ ಅದಕ್ಕೆ ಸಾಟಿಯಿರಲಿಲ್ಲ, ಆದರೆ ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. 1962ರಲ್ಲಿ ಅವರು ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ಬಂದರು. ಅದರೊಳಗೆ ತಿರುಗುವ ಸ್ಟೀಲ್ ಗುಂಡಿನ ವ್ಯಾಸ 22.225 ಮಿಮೀ. ಗುಂಡು ಚಿಕ್ಕದಾದಷ್ಟೂ ಬಟ್ಟಲನ್ನು ತಿರುಚುವ ಬಲ ಕಡಿಮೆ, ಪ್ಲಾಸ್ಟಿಕ್ಕಿಗೆ ಸಿಗುವ ದಪ್ಪ ಹೆಚ್ಚು. ಇಂಥ ಲೆಕ್ಕಾಚಾರವೇ ಈ ಕ್ಷೇತ್ರದ ನಿಜವಾದ ಬುದ್ಧಿವಂತಿಕೆ ಎಂದು ನಾನು ನಂಬುತ್ತೇನೆ.

ಪ್ಲಾಸ್ಟಿಕ್ ಸವೆದರೆ ಆಗುವ ಅನಾಹುತ ಬರೀ ಪ್ಲಾಸ್ಟಿಕ್ಕಿನದಲ್ಲ. ಉದುರುವ ಕಣಗಳು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದವು, ಎಷ್ಟೋ ಕಣಗಳು ಅದಕ್ಕಿಂತಲೂ ಸಣ್ಣವು. ದೇಹದ ರಕ್ಷಣಾ ಕೋಶಗಳು ಅವನ್ನು ನುಂಗುತ್ತವೆ, ಅರಗಿಸಲಾಗದೆ ಕೆರಳುತ್ತವೆ. ಅವು ಹೊರಬಿಡುವ ರಾಸಾಯನಿಕಗಳಿಂದಾಗಿ ಸುತ್ತಲಿನ ಮೂಳೆ ಕರಗುತ್ತದೆ, ಇಂಪ್ಲಾಂಟ್, ಅಂದರೆ ಕೂರಿಸಿದ ಕೃತಕ ಕೀಲು, ಸಡಿಲಾಗುತ್ತದೆ. ಎಷ್ಟೋ ಜನರಿಗೆ ನೋವು ಕಾಣಿಸಿಕೊಳ್ಳುವ ಹೊತ್ತಿಗೆ ಸಾಕಷ್ಟು ಮೂಳೆ ಹೋಗಿರುತ್ತದೆ. ನೋವಿಲ್ಲ ಎಂದು ತಪಾಸಣೆಯ ಎಕ್ಸ್‌ರೇ ತಪ್ಪಿಸಬಾರದು ಎನ್ನುವುದು ಇದಕ್ಕೇ.

ಹಿಂದೆ ಈ ತುಂಡುಗಳನ್ನು ಗಾಳಿಯಿರುವ ಪ್ಯಾಕೆಟ್ಟಿನಲ್ಲೇ ಗಾಮಾ ಕಿರಣ ಹಾಯಿಸಿ ಕ್ರಿಮಿಶುದ್ಧಿ ಮಾಡುತ್ತಿದ್ದರು. ಕಿರಣ ಅಣುಸರಪಳಿಯನ್ನು ತುಂಡರಿಸುತ್ತದೆ, ತುಂಡಾದ ತುದಿಗಳಿಗೆ ಆಮ್ಲಜನಕ ಅಂಟುತ್ತದೆ. ಕಪಾಟಿನಲ್ಲಿ ಕೂತಲ್ಲೇ ಪ್ಲಾಸ್ಟಿಕ್ ಪೆಡಸಾಗುತ್ತದೆ. ಮಂಡಿಯೊಳಗೆ ಹೋದ ಮೇಲೆ ಅದು ಕಾಗೆಬಂಗಾರದ ಹಾಗೆ ಪದರ ಪದರವಾಗಿ ಏಳುತ್ತಿತ್ತು.

1990ರ ದಶಕದ ಕೊನೆಗೆ ಇದಕ್ಕೆ ಪರಿಹಾರ ಬಂತು. 50ರಿಂದ 100 ಕಿಲೋಗ್ರೇ ವಿಕಿರಣ ಕೊಟ್ಟು ಸರಪಳಿಗಳನ್ನು ಒಂದಕ್ಕೊಂದು ಹೆಣೆದರು. ಸೊಂಟದ ಕೀಲಿನಲ್ಲಿ ಸವೆತ ಅಪಾರವಾಗಿ ತಗ್ಗಿತು. ಆದರೆ ಉಳಿದ ಸಕ್ರಿಯ ತುದಿಗಳನ್ನು ಇಲ್ಲವಾಗಿಸಲು ಕರಗಿಸಿದರೆ ಗಟ್ಟಿತನ ಇಳಿಯುತ್ತದೆ. ಕರಗುವ ಬಿಂದುವಿನ ಕೆಳಗೇ ಕಾಯಿಸಿದರೆ ಗಟ್ಟಿತನ ಉಳಿಯುತ್ತದೆ, ಆ ತುದಿಗಳೂ ಕೊಂಚ ಉಳಿಯುತ್ತವೆ. ಈ ಇಕ್ಕಟ್ಟಿಗೆ ಸಿಕ್ಕ ಮೂರನೇ ದಾರಿಯೇ ಆ ತುದಿಗಳನ್ನು ತಣಿಸುವ ವಿಟಮಿನ್ ಇ ಬೆರೆಸುವುದು. ಇಷ್ಟಾದರೂ ಬಟ್ಟಲನ್ನು ತೀರಾ ನೆಟ್ಟಗೆ ಕೂರಿಸಿದರೆ ತೆಳ್ಳಗಿನ ಅಂಚು ಬಿರುಕು ಬಿಡಬಹುದು.

ಪ್ಯಾಕೆಟ್ ಕೂಡ ಸಾಧನದ ಭಾಗವೇ. ಎಕ್ಸಾಕ್ಟೆಕ್ ಕಂಪನಿ 2021-22ರಲ್ಲಿ ಮಂಡಿ ಮತ್ತು ಹಿಮ್ಮಡಿಗಂಟಿನ ಪ್ಲಾಸ್ಟಿಕ್ ಭಾಗಗಳನ್ನು ವಾಪಸ್ ಕರೆಸಿಕೊಂಡಿತು. ಕಾರಣ, ನಿರ್ವಾತ ಚೀಲದಲ್ಲಿ ಆಮ್ಲಜನಕ ತಡೆಯುವ ಒಂದು ಪದರ ಇರಲಿಲ್ಲ. ಒಂದು ಪದರ, ಅಷ್ಟೇ!

ಪ್ಲಾಸ್ಟಿಕ್ಕೇ ಬೇಡ, ಲೋಹದ ಮೇಲೆ ಲೋಹ ಉಜ್ಜಲಿ ಎಂದು ಹೊರಟ ಕಥೆ ಇನ್ನೂ ನೋವಿನದು. ಡಿಪ್ಯೂ ಕಂಪನಿಯ ಎಎಸ್ಆರ್ ಎಂಬ ಇಂಥ ಸೊಂಟದ ಕೀಲು 2010ರ ಆಗಸ್ಟ್‌ನಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಬಟ್ಟಲಿನ ಆಳ ಕಡಿಮೆ. ಕೋನ ಕೊಂಚ ತಪ್ಪಿದರೂ ಭಾರವೆಲ್ಲ ಅಂಚಿಗೆ ಬೀಳುತ್ತಿತ್ತು. ಕೋಬಾಲ್ಟ್, ಕ್ರೋಮಿಯಂ ಕಣಗಳು ಸುತ್ತಲಿನ ಮಾಂಸವನ್ನು ಹಾಳುಮಾಡಿದವು. ಪ್ರಯೋಗಾಲಯದ ಯಂತ್ರ ಕರಾರುವಾಕ್ಕಾದ ಕೋನದಲ್ಲಿ ಲಕ್ಷಾಂತರ ಸಲ ತಿರುಗಿಸಿ ಸೈ ಎಂದರೂ ಮನುಷ್ಯರ ದೇಹ ಆ ಕೋನಕ್ಕೆ ಬದ್ಧವಲ್ಲ.

ಇನ್ನು ರೋಬೋಟ್. ತೊಡೆಮೂಳೆಗೂ ಕಣಕಾಲ ಮೂಳೆಗೂ ಪಿನ್ ಹಾಕಿ ಅದರ ಮೇಲೆ ಗುರುತುಕಡ್ಡಿ ನಿಲ್ಲಿಸುತ್ತಾರೆ, ಕ್ಯಾಮೆರಾ ಅದನ್ನು ಹಿಂಬಾಲಿಸುತ್ತದೆ, ಯೋಜನೆಯ ಗಡಿ ದಾಟದಂತೆ ಗರಗಸವನ್ನು ತೋಳು ತಡೆಯುತ್ತದೆ. ಕತ್ತರಿಕೆ ನಿಖರವಾಗುತ್ತದೆ, ಕೋನ ತಪ್ಪುವವರ ಸಂಖ್ಯೆ ಇಳಿಯುತ್ತದೆ, ಇದನ್ನು ಒಪ್ಪಲೇಬೇಕು. ಆದರೆ ಗುರುತುಕಡ್ಡಿಗೆ ಮೊಣಕೈ ತಗುಲಿ ಕೂದಲೆಳೆಯಷ್ಟು ಸರಿದರೂ ಯಂತ್ರ ತಪ್ಪು ಜಾಗವನ್ನೇ ಅಷ್ಟೇ ನಿಖರವಾಗಿ ಕತ್ತರಿಸುತ್ತದೆ. ಹಾಗಾಗಿ ನಡುನಡುವೆ ಮೂಳೆಯ ಮೇಲಿನ ತಪಾಸಣಾ ಬಿಂದುವನ್ನು ಮುಟ್ಟಿ ನೋಡಲೇಬೇಕು. ಪಿನ್ ಹಾಕಿದ ತೂತಿನಲ್ಲಿ ಮೂಳೆ ಮುರಿಯುವುದು ಅಪರೂಪ, ಆದರೆ ಉಂಟು. ಎಕ್ಸ್‌ರೇಯಲ್ಲಿ ಕೋನ ಸುಧಾರಿಸಿದಷ್ಟು ದೊಡ್ಡ ಲಾಭ ರೋಗಿಯ ನೋವು ಮತ್ತು ನಡಿಗೆಯಲ್ಲಿ ಈವರೆಗೆ ಕಂಡಿಲ್ಲ.

ಹಾಗಿದ್ದರೂ ಕಂಪನಿಗಳು ಇದರ ಬೆನ್ನು ಹತ್ತಿರುವುದೇಕೆ? ಕೀಲು ತಯಾರಿಸುವ ಸ್ಟ್ರೈಕರ್ 2013ರಲ್ಲಿ ರೋಬೋಟ್ ತಯಾರಿಸುವ ಮಾಕೋ ಕಂಪನಿಯನ್ನು 165 ಕೋಟಿ ಡಾಲರಿಗೆ ಕೊಂಡಿತು. ದೊಡ್ಡ ಕಂಪನಿಗಳ ರೋಬೋಟುಗಳು ಸಾಮಾನ್ಯವಾಗಿ ತಮ್ಮದೇ ಇಂಪ್ಲಾಂಟಿಗೆ ಮಾತ್ರ ಹೊಂದುತ್ತವೆ. ಆಸ್ಪತ್ರೆ ಒಮ್ಮೆ ಯಂತ್ರ ಕೊಂಡರೆ ಮುಂದಿನ ವರ್ಷಗಳ ಕೀಲುಗಳ ಆಯ್ಕೆಯೂ ಅದರ ಜೊತೆಗೇ ಮುಗಿದಂತೆ. ಆಯ್ಕೆ ಹೀಗೆ ಆಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸದರಲ್ಲಿ ನನಗೆ ನಿಜಕ್ಕೂ ಭರವಸೆ ಇರುವುದು 3ಡಿ ಮುದ್ರಿತ ಟೈಟಾನಿಯಂ ಮೇಲೆ, ಅದರಲ್ಲೂ ಮೂಳೆ ಕಳೆದುಕೊಂಡ ಸೊಂಟಕ್ಕೆ ಎರಡನೇ ಸಲ ಬಟ್ಟಲು ಕೂರಿಸುವಾಗ. ಅದರ ರಂಧ್ರಗಳೊಳಗೆ ಮೂಳೆ ಬೆಳೆಯಬೇಕಾದರೆ ಮೊದಲ ವಾರಗಳಲ್ಲಿ ಇಂಪ್ಲಾಂಟ್ ಅಲುಗಾಡಬಾರದು. ಸುಮಾರು 40 ಮೈಕ್ರಾನ್ ಒಳಗಿನ ಚಲನೆಯಿದ್ದರೆ ಮೂಳೆ ಬೆಳೆಯುತ್ತದೆ, 150 ದಾಟಿದರೆ ನಾರಿನ ಪೊರೆಯಷ್ಟೇ ಕೂರುತ್ತದೆ. ತಯಾರಿಕೆಯಲ್ಲಿ ರಂಧ್ರದೊಳಗೆ ಉಳಿದ ಲೋಹದ ಪುಡಿಯನ್ನು ಪೂರ್ತಿ ತೆಗೆಯುವುದೇ ಕಷ್ಟದ ಕೆಲಸ.

ಸೆನ್ಸರ್ ಇರುವ ಮಂಡಿಕೀಲಿಗೆ 2021ರಲ್ಲಿ ಅಮೆರಿಕದ ಔಷಧ-ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಸಿಕ್ಕಿತು. ಹೆಜ್ಜೆ, ನಡಿಗೆಯ ವೇಗ, ಮಂಡಿ ಮಡಚುವ ಅಳತೆ ಹೇಳುತ್ತದೆ. ಸದ್ಯಕ್ಕೆ ಅಷ್ಟೇ.

ಯಾವುದು ಬಾಳುತ್ತದೆ ಎಂದು ತಿಳಿಯಲು ಇರುವ ಅತ್ಯುತ್ತಮ ಸಾಧನ ಕೀಲು ದಾಖಲಾತಿ, ಅಂದರೆ ಯಾರಿಗೆ ಯಾವ ಕೀಲು ಕೂರಿಸಿದರು, ಅದನ್ನು ಯಾವಾಗ ಬದಲಿಸಬೇಕಾಯಿತು ಎಂದು ದೇಶಾದ್ಯಂತ ಬರೆದಿಡುವ ಪಟ್ಟಿ. ಸ್ವೀಡನ್ ಮಂಡಿಗೆ 1975ರಲ್ಲಿ, ಸೊಂಟಕ್ಕೆ 1979ರಲ್ಲಿ ಇದನ್ನು ಆರಂಭಿಸಿತು. ಚಿಕಿತ್ಸೆಗಳ ಬಗ್ಗೆ ಶಿಫಾರಸು ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆ 2014ರಲ್ಲಿ ಸೊಂಟದ ಕೀಲಿಗೆ ಇಟ್ಟ ಅಳತೆಗೋಲು, ಹತ್ತು ವರ್ಷಕ್ಕೆ ಮರುಶಸ್ತ್ರಚಿಕಿತ್ಸೆ ನೂರಕ್ಕೆ ಐದನ್ನು ಮೀರಬಾರದು ಎಂಬುದು. ಶಸ್ತ್ರಚಿಕಿತ್ಸೆಗೆ ಮೊದಲು ಮೂರು ಪ್ರಶ್ನೆ ಕೇಳಿ: ಈ ಇಂಪ್ಲಾಂಟಿನ ಹತ್ತು ವರ್ಷದ ದಾಖಲೆ ಏನು? ಪಾಲಿಎಥಿಲೀನ್ ಯಾವ ಬಗೆಯದು? ರೋಬೋಟ್ ಇಲ್ಲದೆಯೂ ನೀವು ಇದೇ ಕೀಲನ್ನು ಆರಿಸುತ್ತಿದ್ದಿರಾ? ಮುಗಿದ ಮೇಲೆ ಪ್ಯಾಕೆಟ್ಟಿನ ಅಂಟುಚೀಟಿಯ ಫೋಟೊ ಕೇಳಿ ಪಡೆಯಿರಿ. ಮಾದರಿ ಸಂಖ್ಯೆ, ಲಾಟ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಅದರಲ್ಲಿರುತ್ತವೆ. ನಾಳೆ ಯಾವುದಾದರೂ ಲಾಟ್ ವಾಪಸ್ ಕರೆದರೆ ನಿಮ್ಮ ಮಂಡಿಯೊಳಗಿರುವುದು ಅದೇನಾ ಎಂದು ಹೇಳಬಲ್ಲದ್ದು ಆ ಚೀಟಿ.