ಹೊಳೆ ದಂಡೆಯಲ್ಲಿದ್ದೂ ಮೀನಿಲ್ಲದ ಊಟ

ಹಂಪಿಯಿಂದ ಹೊಳೆ ದಾಟಿದರೆ ಸಿಗೋ ಸಾಣಾಪುರ, ಆನೆಗುಂದಿ ಕಡೆ ಬರೋ ಪ್ರವಾಸಿಗೆ ಪಿಜ್ಜಾ ಸಿಗುತ್ತೆ, ಹಮ್ಮಸ್ ಸಿಗುತ್ತೆ, ನೂಡಲ್ಸ್ ಅಂತೂ ಕೇಳೋದೇ ಬೇಡ. ತುಂಗಭದ್ರೆಯ ಮೀನು ಸಿಗೋದು ಮಾತ್ರ ಕಷ್ಟ. ಹುಡುಕಿದರೆ ಎಲ್ಲೋ ಒಂದು ಕಡೆ ಸಿಕ್ಕೀತು. ಆದರೆ ಹಿಡಿದವರ ಕೈಯಿಂದಲೇ ಕೊಂಡು, ಅಲ್ಲೇ ಹುರಿಸಿಕೊಂಡು ತಿನ್ನೋ ಜಾಗ ನಾನಂತೂ ನೋಡಿಲ್ಲ. ನಾನು ಗಂಗಾವತಿಯವನು, ಈಗ ಸಿಂಗಾಪುರದಲ್ಲಿದ್ದೇನೆ. ಊರಿನ ಈ ಕೊರತೆ ನನ್ನ ತಲೆಗೆ ಹತ್ತಿದ್ದು ಥಾಯ್ಲೆಂಡಿನ ಫುಕೆಟ್‌ಗೆ ಹೋಗಿ ಬಂದ ಮೇಲೆ.

ಫುಕೆಟ್ ಅಂದರೆ ಎಲ್ಲರಿಗೂ ನೆನಪಾಗೋದು ಪಟಾಂಗ್ ಬೀಚಿನ ಗದ್ದಲ. ದ್ವೀಪದ ದಕ್ಷಿಣದ ತುದಿಗೆ ಹೋದರೆ ನೈ ಹಾರ್ನ್ ಅಂತ ಇನ್ನೊಂದು ಬೀಚಿದೆ. ಈಜೋರೆಲ್ಲ ಅಲ್ಲಿಗೆ ಹೋಗ್ತಾರೆ. ಅಲ್ಲಿಂದ ಸ್ವಲ್ಪವೇ ದೂರ ರವಾಯ್. ಇದು ಈಜೋ ಜಾಗ ಅಲ್ಲ. ನೀರು ಇಳಿದಾಗ ಬರೀ ಕೆಸರು, ಕಲ್ಲು, ಓರೆಯಾಗಿ ಕೂತ ಮರದ ದೋಣಿಗಳು. ದಂಡೆಗೆ ಅಂಟಿಕೊಂಡೇ ಚಾವೊ ಲೇ ಜನರ ಕೇರಿ. ಇವರು ಉರಾಕ್ ಲವೋಯ್, ಮೋಕೆನ್ ಪಂಗಡದವರು, ತಲೆತಲಾಂತರದಿಂದ ಕಡಲನ್ನೇ ನಂಬಿದವರು. ತಗಡಿನ ಮನೆಗಳು, ಕಿರಿದಾದ ಓಣಿ, ಒಣಹಾಕಿದ ಬಲೆ. ಅದರ ಮಗ್ಗುಲಲ್ಲೇ ಮೀನು ಸಂತೆ.

ಆ ಸಂತೆಯ ಲೆಕ್ಕ ಸರಳ. ದಾರಿಯ ಒಂದು ಬದಿಗೆ ಮೀನು ಮಾರೋರು, ಇನ್ನೊಂದು ಬದಿಗೆ ಅಡುಗೆ ಮಾಡಿಕೊಡೋ ಹೋಟೆಲು. ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಏಡಿ, ಸೀಗಡಿ, ಚಿಪ್ಪು. ಪೈಪಿನಿಂದ ಗಾಳಿ ಬಿಟ್ಟು ಜೀವಂತ ಇಟ್ಟಿರ್ತಾರೆ. ಒಬ್ಬ ಆಯಮ್ಮ ಮೀನೊಂದರ ಕಿವಿರು ಎತ್ತಿ ಒಳಗಿನ ಕೆಂಪು ತೋರಿಸಿದರು. ತೂಕಕ್ಕೆ ಹಾಕಿ, ಕ್ಯಾಲ್ಕುಲೇಟರಿನಲ್ಲಿ ಬೆಲೆ ಒತ್ತಿ ನನ್ನ ಮುಂದೆ ಹಿಡಿದರು. ನಾನು ಇಸ್ಕೊಂಡು ಅರ್ಧಕ್ಕೆ ಒತ್ತಿದೆ. ಆಯಮ್ಮ ಕ್ಯಾಲ್ಕುಲೇಟರ್ ಕಿತ್ಕೊಂಡು ಪಕ್ಕದ ಗಿರಾಕಿ ಕಡೆ ತಿರುಗಿಬಿಟ್ಟರು! ಕೊನೆಗೆ ಅವರು ಹೇಳಿದ ರೇಟಿಗೆ ಹತ್ತಿರಾನೇ ಕೊಟ್ಟೆ. ಎದುರಿನ ಹೋಟೆಲಿನವರು ಕಿಲೋ ಲೆಕ್ಕದಲ್ಲಿ ಕೂಲಿ ತಗೊಂಡು ಬೆಳ್ಳುಳ್ಳಿ ಹಾಕಿ ಹುರಿದುಕೊಟ್ಟರು.

ಎಲ್ಲ ಮೀನೂ ಅವರೇ ಹಿಡಿದದ್ದಿರಲಿಕ್ಕಿಲ್ಲ. ಆದರೆ ಬೆಲೆ ಹೇಳಿದ್ದು ಆ ಕೇರಿಯ ಹೆಣ್ಣುಮಗಳು. ನನಗೆ ಬೇಕಾದ್ದು ಅದು.

ನಮ್ಮ ಕಡೆ ನೋಡಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪಾಯಸ್, ಆನೆಗುಂದಿಯ ಹರಗೋಲುಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿ ಹಂಗೆ ದುಂಡು, ಒಳಗೆ ಬೆತ್ತ, ಹೊರಗೆ ಚರ್ಮ, 15-20 ಜನ ಕೂರಬಹುದು ಅಂತ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು. ಉಳಿದಂತೆ ಅದೇ ಹರಗೋಲು. ಅದನ್ನು ನಡೆಸೋರಲ್ಲಿ ಬಹಳಷ್ಟು ಜನ ಬೆಸ್ತರು, ಅಂಬಿಗರು. ಹೋದ ಸಲ ಊರಿಗೆ ಹೋದಾಗ ಒಬ್ಬರನ್ನು ಕೇಳಿದೆ, "ಕಾಕಾ, ಬಂದೋರಿಗೆ ನೀವೇ ಮೀನು ಮಾರಬಹುದಲ್ಲ?"

"ಮೀನು ಯಾರು ಕೇಳ್ತಾರ ತಮ್ಮಾ? ಹರಗೋಲು ಗಿರಗಿರ ತಿರುಗಿಸಿದ್ರ ಸಾಕು ಅವ್ರಿಗೆ. ವಿಡಿಯೋ ಮಾಡ್ಕೊಂತಾರ, ಹೋಗ್ತಾರ" ಅಂದರು. ಸಿಕ್ಕ ರೋಹು, ಕಟ್ಲಾ, ಜಿಲೇಬಿ ಮೀನೆಲ್ಲ ಗಂಗಾವತಿಗೋ ಹೊಸಪೇಟೆಗೋ ಹೋಗುತ್ತೆ. ರೇಟು ದಲ್ಲಾಳಿ ಹೇಳಿದ್ದು.

ಯಾಕೆ ಹೀಗೆ? ನನಗನಿಸೋದು, ನಾವು ಹೊಳೆಯನ್ನು ತೋರಿಸ್ತೀವಿ, ಹೊಳೆಯಲ್ಲಿ ದುಡಿಯೋರನ್ನು ಮರೆ ಮಾಡ್ತೀವಿ. ಹಂಪಿ ಗುಡಿಯ ಸುತ್ತ ಮೀನು-ಮಾಂಸ ಬೇಡ ಅನ್ನೋದು ಸರಿ, ಒಪ್ಪೋಣ. ಆದರೆ ಹೊಳೆಯ ಈಚೆ ದಂಡೆ ಪೂರ್ತಿ ಗುಡಿಯ ಪ್ರಾಕಾರ ಅಲ್ವಲ್ಲ. ಮೀನಿನ ವಾಸನೆಗೆ ಮೂಗು ಮುಚ್ಚೋ ಬುದ್ಧಿ ಊರೊಳಗೆ ಇದೆ. ಅದನ್ನು ಪಾವಿತ್ರ್ಯ ಅಂತ ಕರೆದು ಸುಮ್ಮನಾಗ್ತೀವಿ. ಪ್ರವಾಸಿಗೆ ಸೋನಾಮಸೂರಿ ಗದ್ದೆ ಚೆಂದ, ಬಂಡೆ ಚೆಂದ, ಬೆಸ್ತರ ಓಣಿ ಬೇಡ.

ಹಾಗಂತ ರವಾಯ್‌ನಲ್ಲಿ ಎಲ್ಲ ಸುಖ ಅಂದ್ಕೋಬೇಡಿ. ಆ ಜನರಿಗೆ ಕಾಗದದ ವ್ಯವಹಾರ ಗೊತ್ತಿರಲಿಲ್ಲ. ಕಾಲಕಾಲದಿಂದ ಕೂತ ನೆಲದ ಪಟ್ಟಾ ಬೇರೆಯವರ ಹೆಸರಿಗಾಯಿತು. ಬೀಚಿನ ಜಾಗಕ್ಕೆ ಚಿನ್ನದ ಬೆಲೆ ಬಂದ ಮೇಲೆ ಶುರುವಾಯ್ತು ಕೋರ್ಟು ಕಚೇರಿ. 2016ರ ಜನವರಿಯಲ್ಲಿ ಅವರು ಪೂಜೆಗೆ ಹೋಗೋ ದಾರಿಯನ್ನು ಕಂಪನಿಯೊಂದರ ಕಡೆಯವರು ಮುಚ್ಚೋಕೆ ಬಂದಾಗ ಹೊಡೆದಾಟವಾಗಿ ಹಲವರಿಗೆ ಪೆಟ್ಟು ಬಿತ್ತು. ತಾವು ಮೊದಲಿಂದ ಅಲ್ಲೇ ಇದ್ದೋರು ಅಂತ ತೋರಿಸೋಕೆ ಹಳೇ ತೆಂಗಿನ ಮರದ ವಯಸ್ಸು, ಹೂತ ಹಿರಿಯರ ಮೂಳೆ, 1959ರಲ್ಲಿ ರಾಜ ಭೂಮಿಬೋಲ್ ಕೇರಿಗೆ ಬಂದಿದ್ದಾಗಿನ ಫೋಟೋ, ಇಷ್ಟೆಲ್ಲ ತರಬೇಕಾಯ್ತು. 2017ರಲ್ಲಿ ಒಂದು ಮೊಕದ್ದಮೆಯಲ್ಲಿ ಗೆದ್ದರು. ತಾತನ ಮೂಳೆ ತೋರಿಸಿ ಮನೆ ಉಳಿಸಿಕೊಳ್ಳೋ ಗತಿ! ನಾನಿರೋ ಸಿಂಗಾಪುರದಲ್ಲಿ ಆ ಜಗಳವೂ ಉಳಿದಿಲ್ಲ. ಸುತ್ತಲಿನ ದ್ವೀಪಗಳ ಕಡಲ ಜನರನ್ನು ಯಾವಾಗಲೋ ಫ್ಲಾಟುಗಳಿಗೆ ಸಾಗಿಸಿದ್ದಾರೆ.

ಇದನ್ನು ಓದುವಾಗ ವಿರುಪಾಪುರ ಗಡ್ಡಿ ನೆನಪಾಗದೆ ಇರುತ್ತಾ? ಅದೂ ದ್ವೀಪವೇ, ಹಂಪಿಯ ಎದುರು ಹೊಳೆ ನಡುವಿನದು. ಅಲ್ಲಿನ ರೆಸಾರ್ಟುಗಳು ಅಕ್ರಮ ಅಂತ ಸುಪ್ರೀಂ ಕೋರ್ಟಿನವರೆಗೂ ಹೋಗಿ ತೀರ್ಮಾನವಾಗಿ, 2020ರಲ್ಲಿ ಕೆಡವಿದರು. ಪಾರಂಪರಿಕ ಜಾಗ ಉಳಿಯಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ರೆಸಾರ್ಟಿನವರು ಸಾಣಾಪುರದ ಕಡೆ ಹೊಸ ಜಾಗ ಹುಡುಕಿಕೊಂಡರು. ದೋಣಿ ನಂಬಿದವರು ಏನಾದರು ಅಂತ ಯಾರು ಕೇಳಿದರು?

ಮೊದಲೇ ಅವರ ದುಡಿಮೆಗೆ ಅಡ್ಡಿ ಒಂದೆರಡಲ್ಲ. ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟ ಕೂಡಲೇ ಹರಗೋಲು ಬಂದ್. ಬಂದ್ ಮಾಡಲೇಬೇಕು, ಜೀವದ ಪ್ರಶ್ನೆ. ಅಷ್ಟು ದಿನ ಒಲೆ ಉರಿಯೋದು ಹೇಗೆ ಅನ್ನೋದಕ್ಕೆ ಮಾತ್ರ ಆದೇಶದಲ್ಲಿ ಸಾಲಿಲ್ಲ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಸಿಡಿಮದ್ದು ಹಾಕಿ ಮೀನು ಕೊಲ್ಲೋರನ್ನು ಹಿಡೀಲಿ, ಬೇಡ ಅಂದೋರ್ಯಾರು? ಅದೇ ನೆಪದಲ್ಲಿ ಬೀಸುಬಲೆಯವನನ್ನೂ ಕಳ್ಳನ ಹಾಗೆ ನೋಡಬಾರದು. ಥಾಯ್ಲೆಂಡಿನಲ್ಲಿ ಆದದ್ದು ಇದೇ. ಚಾವೊ ಲೇ ಜನ ಮೊದಲಿಂದ ಮೀನು ಹಿಡಿತಿದ್ದ ಕಡಲು ರಾಷ್ಟ್ರೀಯ ಉದ್ಯಾನವಾಯಿತು, ಬಲೆ ಹಾಕಿದವರ ಮೇಲೆ ಕೇಸು ಬಿತ್ತು.

ನನಗೆ ಇಲ್ಲೊಂದು ಫುಕೆಟ್ ಬೇಕಿಲ್ಲ. ಆನೆಗುಂದಿ-ಸಾಣಾಪುರ ರಸ್ತೆಯಲ್ಲಿ, ಗುಡಿಗಳಿಂದ ದೂರ, ಒಂದು ಚಪ್ಪರ ಸಾಕು. ಬೆಳಿಗ್ಗೆ ಸಿಕ್ಕ ಮೀನು, ಒಂದು ತಕ್ಕಡಿ, ಖಾರ ಹಚ್ಚಿ ಹುರಿಯೋಕೆ ಒಂದು ಕಾವಲಿ. ನಡೆಸೋದು ಬೆಸ್ತರ ಹೆಣ್ಣುಮಕ್ಕಳ ಸಂಘ, ಜೊತೆಗೆ ಬಿಸಿ ರೊಟ್ಟಿ. ಒಂದೇ ಷರತ್ತು: ಚಪ್ಪರ ಏಳೋಕೆ ಮುಂಚೆ ಜಾಗದ ಕಾಗದ ಸಂಘದ ಹೆಸರಿಗೆ ಆಗಬೇಕು. ಇದನ್ನು ಆ ಕಾಕಾನಿಗೆ ಹೇಳಿದರೆ, "ಕಾಗದ ಆಗೋತನಕ ನೀ ರಜಾ ಹಾಕಿ ಇಲ್ಲೇ ಇರು, ತಾಲೂಕು ಆಫೀಸಿಗೆ ನೀನೇ ಓಡಾಡು" ಅಂದರು.