ಹದಿನೆಂಟಾಯಿತಾ? ಆಚೆ ನಡಿ ಮಗಾ

ಮತ್ತೆ ಅದೇ ಜಗಳ. ಹರ್ಲಿಂಗ್ ಅನ್ನುವ ಐರಿಶ್ ಕೋಲು-ಚೆಂಡಿನ ಆಟದಲ್ಲಿ ಮೈನರ್, ಅಂದರೆ ಹುಡುಗರ ತಂಡದ ವಯಸ್ಸಿನ ಮಿತಿ, ಹದಿನೇಳೋ, ಹದಿನೆಂಟೋ? ಐರ್ಲೆಂಡಿನಲ್ಲಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗನ ಕೈಗೆ ಹರ್ಲಿ ಕೋಲು ಕೊಟ್ಟು, ಈ ಆಟ ನಡೆಸುವ ಜಿಎಎ ಸಂಘದ ಕ್ಲಬ್ಬಿಗೆ ಸೇರಿಸಿದ ದಿನವೇ ನಿಮ್ಮ ವಾಟ್ಸಾಪಿಗೂ ಈ ರೋಗ ಅಂಟಿರುತ್ತದೆ.

ದಕ್ಷಿಣದ ಮನ್‌ಸ್ಟರ್ ಪ್ರಾಂತ್ಯದ ಮೈನರ್ ಚಾಂಪಿಯನ್‌ಶಿಪ್ ಶುರುವಾಗಿದ್ದು 1928ರಲ್ಲಿ. ಮೊದಲ ಸಲ ಕಾರ್ಕ್ ಕೌಂಟಿ ಗೆದ್ದಿತು. ಆಮೇಲೂ ಹೆಚ್ಚಾಗಿ ಗೆದ್ದವರು ಕಾರ್ಕ್, ಇಲ್ಲವೇ ಟಿಪ್ಪರೆರಿ. ಕೆರಿಯವರಿಗೆ ಫುಟ್‌ಬಾಲ್ ಇದೆ, ಅವರ ಚಿಂತೆ ನಮಗೆ ಬೇಡ. ಆಟದ ಮಟ್ಟಿಗೆ ಇತಿಹಾಸ ಇಷ್ಟೇ ಅನ್ನಬಹುದು. ಉಳಿದದ್ದೆಲ್ಲ ಕಮಿಟಿಯವರ ಸಾಹಸ.

ಅವರ ದೂರದೃಷ್ಟಿ ನೋಡಿ. 1928ರಲ್ಲಿ ಹದಿನೆಂಟರ ಒಳಗಿನವರು ಮೈನರ್ ಎಂದರು. ಆಗ ದೇಶದ ಕಾನೂನಿಗೆ ಇಪ್ಪತ್ತೊಂದರವರೆಗೂ ಹುಡುಗ ಹುಡುಗನೇ. 1985ರಲ್ಲಿ ಸರಕಾರವೂ ದಾರಿಗೆ ಬಂದು, ಹದಿನೆಂಟಕ್ಕೆ ವಯಸ್ಕ ಅಂತ ಕಾನೂನು ಮಾಡಿತು. ಅಬ್ಬಾ, ಎಲ್ಲರ ಲೆಕ್ಕವೂ ಒಂದಾಯಿತು ಅನ್ನುವಷ್ಟರಲ್ಲಿ, 2018ರಿಂದ ಜಿಎಎ ಹದಿನೇಳಕ್ಕೆ ಇಳಿಯಿತು. ಸರಕಾರದ ಜೊತೆ ಒಂದೇ ಸಾಲಿನಲ್ಲಿ ನಿಲ್ಲುವುದು ಮರ್ಯಾದೆಗೆ ಕಡಿಮೆ ಅನ್ನಿಸಿತೋ ಏನೋ.

ಕಾರಣ ಕೊಟ್ಟರಲ್ಲ, ಅದು ಚೆನ್ನಾಗಿಯೇ ಇತ್ತು. ಜೂನ್‌ನಲ್ಲಿ ಶಾಲೆ ಮುಗಿಸುವ ಲೀವಿಂಗ್ ಸರ್ಟ್ ಪರೀಕ್ಷೆ. ಹುಡುಗ ಒಬ್ಬ, ಅವನನ್ನು ಎಳೆಯುವ ತಂಡಗಳು ನಾಲ್ಕಾರು. ಪಾಪ, ಓದಿಕೊಳ್ಳಲಿ. ಕನ್ನಡದ ಅಪ್ಪ ಅಮ್ಮಂದಿರ ಕಿವಿಗೆ ಇದಕ್ಕಿಂತ ಸಿಹಿ ಮಾತು ಉಂಟಾ? ಸೆಕೆಂಡ್ ಪಿಯುಸಿ ಅಂದರೆ ಮನೆಯ ಕೇಬಲ್ ಕನೆಕ್ಷನ್ನೇ ಕಿತ್ತು ಹಾಕಿಸಿದ ಜನ ನಾವು.

ಆದರೆ ಹದಿನೆಂಟರ ಹುಡುಗ ಹೋಗುವುದೆಲ್ಲಿಗೆ? ಅವನಿಗೆ ಅಂಡರ್ 20 ಇದೆ. ಅಲ್ಲಿ ಗಡ್ಡ ಬಿಟ್ಟ, ಜಿಮ್‌ನಲ್ಲಿ ಬೆಳೆದ ಇಪ್ಪತ್ತರ ಅಣ್ಣಂದಿರು ಕಾಯುತ್ತಿರುತ್ತಾರೆ. ಪುಣ್ಯಕ್ಕೆ ಹೆಲ್ಮೆಟ್ ಕಡ್ಡಾಯ.

ಲೆಕ್ಕವೆಲ್ಲ ಜನವರಿ ಒಂದಕ್ಕೆ. ಅಂದು ಹುಟ್ಟಿದವನು ಒಳಗೆ, ಅದರ ಹಿಂದಿನ ರಾತ್ರಿ ಹುಟ್ಟಿದವನು ಹೊರಗೆ. ಇಷ್ಟು ಕಟ್ಟುನಿಟ್ಟು ನೋಡಿದಾಗೆಲ್ಲ ನಮ್ಮೂರಿನ ಶಾಲೆಯ ಮೇಷ್ಟ್ರ ಮೇಲೆ ಗೌರವ ಹೆಚ್ಚುತ್ತದೆ. ಮಗುವನ್ನು ದಾಖಲು ಮಾಡಲು ಅಪ್ಪ ಬಂದಾಗ, 'ಯಾವಾಗ ಹುಟ್ಟಿದ್ದಪ್ಪಾ?' ಅಂತ ಕೇಳುತ್ತಿದ್ದರು. 'ಆ ವರ್ಷ ಮಳೆ ಜೋರಿತ್ತು ಸ್ವಾಮಿ, ನಮ್ಮ ಕೆಂಪಿ ಕರು ಹಾಕಿತ್ತು' ಅನ್ನುತ್ತಿದ್ದ ಅಪ್ಪ. ಮೇಷ್ಟ್ರು ಒಂದು ಕ್ಷಣ ಹುಡುಗನ ಮುಖ ನೋಡಿ, ಜೂನ್ ಒಂದು ಅಂತ ಬರೆಯುತ್ತಿದ್ದರು. ಅರ್ಧ ಕ್ಲಾಸಿಗೆ ಒಂದೇ ಹುಟ್ಟುಹಬ್ಬ. ಇಂದಿಗೂ ನಮ್ಮಲ್ಲಿ ಎಷ್ಟೋ ಜನರಿಗೆ ಮನೆಯದೊಂದು, ಪಾಸ್‌ಪೋರ್ಟಿನದೊಂದು ಅಂತ ಎರಡೆರಡು ಜನ್ಮದಿನ. ಅದಕ್ಕೇ ನಮ್ಮ ಕ್ರಿಕೆಟ್ ಮಂಡಳಿ ಯಾವ ಕಾಗದವನ್ನೂ ನಂಬುವುದಿಲ್ಲ. ಅಂಡರ್ 16 ಹುಡುಗರ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ, ಮೂಳೆಯನ್ನೇ ವಯಸ್ಸು ಕೇಳುತ್ತದೆ. ಆ ಮೇಷ್ಟ್ರನ್ನು ಮನ್‌ಸ್ಟರ್ ಕೌನ್ಸಿಲ್ಲಿಗೆ ಕಳಿಸಿದ್ದರೆ ಒಂದೇ ಮಧ್ಯಾಹ್ನದಲ್ಲಿ ಈ ಜಗಳ ಮುಗಿದುಹೋಗುತ್ತಿತ್ತು.

ವಯಸ್ಸಿನ ಗೆರೆಯ ಕಥೆ ಇದಾದರೆ, ನಕ್ಷೆಯ ಗೆರೆಯದ್ದು ಇನ್ನೊಂದು. ಗಾಲ್ವೇ ಇರುವುದು ಪಶ್ಚಿಮದ ಕಾನಾಟ್ ಪ್ರಾಂತ್ಯದಲ್ಲಿ. ಅಲ್ಲಿ ಅದಕ್ಕೆ ಸರಿಸಾಟಿ ಹರ್ಲಿಂಗ್ ತಂಡವೇ ಇಲ್ಲ. ಹಾಗಾಗಿ ಅದರ ಸೀನಿಯರ್ ತಂಡ 1959ರಿಂದ 1969ರವರೆಗೆ ಮನ್‌ಸ್ಟರ್‌ನಲ್ಲಿ ಆಡಿತು. 2009ರಿಂದ ಪೂರ್ವದ ಲೆನ್‌ಸ್ಟರ್‌ನಲ್ಲಿ ಆಡುತ್ತಿದೆ. ಬೀದರ್ ತಂಡವನ್ನು ಮಂಗಳೂರು ವಲಯಕ್ಕೆ ಹಾಕಿದ ಹಾಗೆ. ಗಾಲ್ವೇ ಮೈನರ್‌ಗಳಂತೂ ದಶಕಗಟ್ಟಲೆ ಪ್ರಾಂತ್ಯದ ಗೋಜೇ ಇಲ್ಲದೆ ನೇರವಾಗಿ ಆಲ್-ಐರ್ಲೆಂಡ್ ಹಂತಕ್ಕೆ ಬಂದು ಕೂರುತ್ತಿದ್ದರು. 1983ರಲ್ಲಿ ಮೊದಲ ಕಪ್ ಎತ್ತಿದರು. 2017ರಿಂದ 2020ರವರೆಗೆ ಸತತ ನಾಲ್ಕು ಎತ್ತಿದರು. ಮನ್‌ಸ್ಟರ್‌ನವರು ಒಬ್ಬರನ್ನೊಬ್ಬರು ಕಚ್ಚಾಡಿ ಸುಸ್ತಾಗಿ ಬರುವಾಗ ಇವರು ಫ್ರೆಶ್ಶಾಗಿ ನಿಂತಿರುತ್ತಿದ್ದರು. ಗೆದ್ದದ್ದು ಆಡಿಯೇ, ಅದನ್ನು ಒಪ್ಪೋಣ.

2013ರ ಕಥೆ ನಿಮಗೆ ಗೊತ್ತು. ಆದರೂ ಹೇಳದೆ ಇರಲಾರೆ. ಆ ವರ್ಷ ಮನ್‌ಸ್ಟರ್ ಮೈನರ್ ಫೈನಲ್‌ನಲ್ಲಿ ವಾಟರ್‌ಫರ್ಡನ್ನು ಸೋಲಿಸಿದ್ದು ಲಿಮರಿಕ್. ಆಗಸ್ಟ್‌ನಲ್ಲಿ ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಗಾಲ್ವೇ ವಿರುದ್ಧ ಆಲ್-ಐರ್ಲೆಂಡ್ ಸೆಮಿಫೈನಲ್. ಆ ಬೇಸಿಗೆಯಲ್ಲೇ ಅಲ್ಲಿಗೆ ಹಾಕ್-ಐ ಬಂದಿತ್ತು. ಅಷ್ಟು ವರ್ಷ ಬಿಳಿ ಕೋಟು ಹಾಕಿದ ಅಂಪೈರ್ ಕಂಬದ ಪಕ್ಕ ನಿಂತು ಬಾವುಟ ಎತ್ತುತ್ತಿದ್ದ. ಅವನ ಕಣ್ಣಿಗಿಂತ ಕಂಪ್ಯೂಟರ್ ಕಣ್ಣು ಚುರುಕು ಅಂತ ದುಡ್ಡು ಸುರಿದು ತಂದದ್ದು. ಲಿಮರಿಕ್ ಹುಡುಗ ಹೊಡೆದ ಚೆಂಡು ಕಂಬಗಳ ನಡುವೆಯೇ ಹೋಯಿತು. ದೊಡ್ಡ ಪರದೆಯ ಚಿತ್ರದಲ್ಲೂ ನಡುವೆಯೇ ಹೋಯಿತು. ಅದೇ ಪರದೆ 'ಪಾಯಿಂಟ್ ಇಲ್ಲ' ಎಂದು ತೀರ್ಪು ಕೊಟ್ಟಿತು! ತನ್ನ ಚಿತ್ರವನ್ನು ತಾನೇ ನಂಬದ ಯಂತ್ರ. ಎಂಥ ವಿನಯ ಅಲ್ವಾ?

ಪೂರ್ತಿ ಸಮಯ ಮುಗಿದಾಗ ಸ್ಕೋರ್ ಸಮ. ಒಂದೇ ಒಂದು ಪಾಯಿಂಟ್ ಇದ್ದಿದ್ದರೆ ಸಾಕಿತ್ತು. ಹೆಚ್ಚುವರಿ ಸಮಯದಲ್ಲಿ ಗಾಲ್ವೇ ಗೆದ್ದಿತು. ಯಂತ್ರವನ್ನು ಸೆಟ್ ಮಾಡುವಾಗ ಮನುಷ್ಯರಿಂದ ತಪ್ಪಾಯಿತು ಅಂತ ಹಾಕ್-ಐನವರೇ ಒಪ್ಪಿಕೊಂಡರು. ಲಿಮರಿಕ್ ಆಕ್ಷೇಪಣೆ ಸಲ್ಲಿಸಿತು, ಫಲಿತಾಂಶ ಬದಲಾಗಲಿಲ್ಲ. ಫೈನಲ್‌ನಲ್ಲಿ ಗಾಲ್ವೇಯನ್ನು ಸೋಲಿಸಿ ಕಪ್ ಎತ್ತಿದ್ದು ಯಾರು? ಮನ್‌ಸ್ಟರ್‌ನಲ್ಲಿ ಸೋತಿದ್ದ ಅದೇ ವಾಟರ್‌ಫರ್ಡ್. 1948ರ ನಂತರ ಮೊದಲ ಸಲ.

ಇಲ್ಲಿಯವರೆಗೆ ನಗಬಹುದು. ನನಗೆ ನಗು ನಿಲ್ಲುವುದು ಮುಂದಿನದಕ್ಕೆ. ಅದೇ ದಿನ, ಅದೇ ಮೈದಾನದಲ್ಲಿ, ಇದಾದ ಮೇಲೆ ಸೀನಿಯರ್ ಸೆಮಿಫೈನಲ್ ಇತ್ತು. ಅದಕ್ಕೆ ಹಾಕ್-ಐ ಬೇಡ ಅಂತ ಬಂದ್ ಮಾಡಿಬಿಟ್ಟರು. ದೊಡ್ಡವರ ಆಟಕ್ಕೆ ಕೆಟ್ಟ ಯಂತ್ರ ಆಗದು. ಹುಡುಗರ ಆಟಕ್ಕೆ ಅದು ಕೊಟ್ಟ ತೀರ್ಪು ಮಾತ್ರ ಶಿಲಾಶಾಸನ.

ಸೋತ ಸೀನಿಯರ್ ಆಟಗಾರ ಮುಂದಿನ ವರ್ಷ ಮತ್ತೆ ಬರುತ್ತಾನೆ. ಮೈನರ್ ಹುಡುಗನಿಗೆ ಆ ಸೌಲಭ್ಯ ಇಲ್ಲ, ಜನವರಿ ಬಂದರೆ ಅವನು ಹೊರಗೆ. ಹಿಂದೆಲ್ಲ ಸೀನಿಯರ್ ಫೈನಲ್ ದಿನವೇ ಮೈನರ್ ಫೈನಲ್ ಆಗುತ್ತಿತ್ತು. ಕ್ರೋಕ್ ಪಾರ್ಕಿನ 82 ಸಾವಿರ ಸೀಟುಗಳು ನಿಧಾನವಾಗಿ ತುಂಬುವುದನ್ನು ನೋಡುತ್ತಾ ಆಡುತ್ತಿದ್ದರು. ಈಗ ಅದನ್ನೂ ಬೇರೆ ಊರು, ಬೇರೆ ದಿನ ಅಂತ ಎತ್ತಂಗಡಿ ಮಾಡಿದ್ದಾರೆ. ಎಲ್ಲವೂ ಹುಡುಗರ ಒಳ್ಳೆಯದಕ್ಕೇ ಅನ್ನುತ್ತಾರೆ. ಸಭೆಯ ಮೇಲೆ ಸಭೆ ಕರೆದು ಹದಿನೇಳೋ ಹದಿನೆಂಟೋ ಅಂತ ಕೈ ಎತ್ತುವ ಮಹನೀಯರೇ, ಆ ಹುಡುಗರನ್ನು ಒಂದು ಮಾತು ಕೇಳಿದ್ದೀರಾ? ಸುಮ್ನೆ ಕೇಳಿದೆ.